ಯಾರ್ಕ್‌ಷೈರ್ ಡೇಲ್ಸ್‌ನ ಹಳ್ಳಿ ಪಬ್ಬಿನಲ್ಲಿ ಎರಡು ರಾತ್ರಿ

ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಕಣಿವೆಗಳ ಸೀಮೆಯಾದ ಯಾರ್ಕ್‌ಷೈರ್ ಡೇಲ್ಸ್‌ನ ಪುಟ್ಟ ಹಳ್ಳಿಯೊಂದರಲ್ಲಿ, ಕೆಲವು ವರ್ಷ ಬಾಗಿಲು ಮುಚ್ಚಿದ್ದು ಈಚೆಗೆ ಜೀರ್ಣೋದ್ಧಾರಗೊಂಡು ಮತ್ತೆ ತೆರೆದಿರುವ ಹಳೆಯ ಪಬ್ಬಿನಲ್ಲಿ ನಾನೂ ನನ್ನ ಪತ್ನಿಯೂ ನವೆಂಬರ್ ಮೊದಲ ವಾರ ಎರಡು ರಾತ್ರಿ ತಂಗಿದ್ದೆವು. ಶನಿವಾರ ಮಧ್ಯಾಹ್ನ ಹೋಗಿ ಸೋಮವಾರ ಬೆಳಿಗ್ಗೆ ಹೊರಟೆವು. ಮೆಚ್ಚಿಕೆಯಾದದ್ದರ ಜೊತೆಗೆ ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಪಬ್ಬಿನ ಹೆಸರನ್ನು ಹೇಳುತ್ತಿಲ್ಲ. ಇಂಥದೇ ಬೇರೆ ಪಬ್ಬಿಗೆ ಹೋಗುವ ಓದುಗರಿಗೂ ಈ ಟಿಪ್ಪಣಿಗಳು ಉಪಯೋಗಕ್ಕೆ ಬರುತ್ತವೆ ಎಂದು ನಂಬಿದ್ದೇನೆ.

ಪಬ್ ಎಂದ ಕೂಡಲೇ ಕಿವಿಗಡಚಿಕ್ಕುವ ಸಂಗೀತ ಮತ್ತು ಬಣ್ಣದ ದೀಪಗಳನ್ನು ನೆನೆಯುವವರು ಆ ಚಿತ್ರವನ್ನು ಪಕ್ಕಕ್ಕಿಡಬೇಕು. ಇಂಗ್ಲೆಂಡಿನ ಹಳ್ಳಿಯ ಪಬ್ ಊರಿನವರೆಲ್ಲ ಕೂಡುವ ಮನೆ. ಹಲವು ಊರುಗಳಲ್ಲಿ ಅಂಚೆ ಕಚೇರಿಯೂ ಅಂಗಡಿಯೂ ಮುಚ್ಚಿದ ಮೇಲೆ ಜನ ಮುಖಾಮುಖಿಯಾಗಲು ಉಳಿದಿರುವ ಒಂದೇ ಜಾಗ. ಆದ್ದರಿಂದ ಇಂಥ ಪಬ್ಬನ್ನು ದುರಸ್ತಿ ಮಾಡುವವರು ಕಟ್ಟಡವನ್ನು ಎಷ್ಟು ಅಂದಗೊಳಿಸಿದ್ದಾರೆ ಎಂಬುದಕ್ಕಿಂತ, ದುರಸ್ತಿಯಾದ ಮೇಲೂ ಆ ಊರಿನವರು ಅಲ್ಲಿಗೆ ಬರುತ್ತಿದ್ದಾರೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಇಲ್ಲಿ ಅವರು ಬರುತ್ತಿದ್ದಾರೆ. ಉಳಿದೆಲ್ಲವನ್ನೂ ನಾನು ಆ ಸಂತೋಷದಲ್ಲೇ ಬರೆಯುತ್ತಿದ್ದೇನೆ.

ನಾವು ಹೋದದ್ದು ಲೀಡ್ಸ್‌ನಿಂದ ಸೆಟಲ್–ಕಾರ್ಲೈಲ್ ರೈಲು ಮಾರ್ಗದಲ್ಲಿ. 1876ರಲ್ಲಿ ಪ್ರಯಾಣಿಕರಿಗೆ ತೆರೆದ ಈ ಮಾರ್ಗವನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಾಗ ಜನರು ಹೋರಾಡಿ 1989ರಲ್ಲಿ ಉಳಿಸಿಕೊಂಡರು. ರಿಬಲ್‌ಹೆಡ್‌ನ 24 ಕಮಾನುಗಳ ಸೇತುವೆಯ ಮೇಲೆ ರೈಲು ನಿಧಾನವಾಗಿ ಸಾಗುವಾಗ ಎರಡೂ ಬದಿಗೆ ಬರಿಯ ಹುಲ್ಲುಗುಡ್ಡ, ಕಲ್ಲಿನ ಪಾಗಾರ ಮತ್ತು ಕುರಿಗಳು. ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಇಳಿದು, ಮೊದಲೇ ಹೇಳಿಟ್ಟಿದ್ದ ಟ್ಯಾಕ್ಸಿಯಲ್ಲಿ ಹಳ್ಳಿಗೆ ಹೋದೆವು. ಟ್ಯಾಕ್ಸಿಯನ್ನು ಮುಂಚಿತವಾಗಿ ಗೊತ್ತು ಮಾಡಿಕೊಳ್ಳದಿದ್ದರೆ ಆ ನಿಲ್ದಾಣದಲ್ಲಿ ಗಾಳಿಗೆ ಮೈಯೊಡ್ಡಿ ನಿಲ್ಲಬೇಕಾಗುತ್ತದೆ. ಆ ತಿಂಗಳಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿಬಿಡುವುದರಿಂದ, ಬೆಳಕಿರುವಾಗಲೇ ತಲುಪುವ ರೈಲನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಪಬ್ಬಿನ ಕಟ್ಟಡ ಐತಿಹಾಸಿಕ ಕಟ್ಟಡಗಳ ಎರಡನೇ ದರ್ಜೆಯ ಸಂರಕ್ಷಿತ ಪಟ್ಟಿಗೆ ಸೇರಿದೆ. ಆ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪಕ್ಕೆ ತಟ್ಟುವ ಯಾವ ಬದಲಾವಣೆಗೂ, ಒಳಗಿನದಾಗಲಿ ಹೊರಗಿನದಾಗಲಿ, 1990ರ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಪಡೆಯದೆ ಕೆಲಸ ಮಾಡುವುದು ಅಪರಾಧ. ಬಾರಿನ ಹಿಂದೆ ನಿಂತಿದ್ದ ಮಾಲೀಕರು ಬಿಡುವಾದಾಗ ನಮ್ಮನ್ನು ಕರೆದುಕೊಂಡು ಹೋಗಿ ಗೋಡೆಗಳನ್ನು ತೋರಿಸಿದರು. ಹಿಂದೆ ಯಾರೋ ತೇವ ತಡೆಯಲೆಂದು ಕಲ್ಲುಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರಂತೆ. ಹಳೆಯ ಕಲ್ಲುಗೋಡೆ ಮಳೆಯ ನೀರನ್ನು ಒಂದಿಷ್ಟು ಹೀರಿಕೊಂಡು, ಬಿಸಿಲು ಗಾಳಿ ಬಂದಾಗ ಸಂದಿನ ಮೆತ್ತನೆಯ ಸುಣ್ಣದ ಗಾರೆಯ ಮೂಲಕ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಹೊಕ್ಕ ನೀರಿಗೆ ಹೊರಬರುವ ದಾರಿಯೇ ಇಲ್ಲದಂತಾಗಿ, ಕಲ್ಲು ಸಿಪ್ಪೆ ಏಳುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಆ ಸಿಮೆಂಟನ್ನು ಅಂಗುಲ ಅಂಗುಲವಾಗಿ ಕೆತ್ತಿ ತೆಗೆದು, ಸುಣ್ಣದ ಗಾರೆ ತುಂಬಿ, ಸುಣ್ಣವನ್ನೇ ಬಳಿದಿದ್ದಾರೆ. ಕೊಳೆತಿದ್ದ ಒಂದು ಓಕ್ ತೊಲೆಯನ್ನು ಪೂರ್ತಿಯಾಗಿ ಬದಲಿಸದೆ, ಹಾಳಾದ ತುದಿಯನ್ನಷ್ಟೇ ಕತ್ತರಿಸಿ ಹೊಸ ಓಕ್ ತುಂಡನ್ನು ಬೆಸೆದಿದ್ದಾರೆ; ಹೊಸದರ ತಿಳಿ ಬಣ್ಣ ಹಳೆಯದರ ಪಕ್ಕದಲ್ಲಿ ಎದ್ದು ಕಾಣುತ್ತದೆ. ಅದನ್ನು ಬಣ್ಣ ಹಚ್ಚಿ ಮರೆಮಾಡದಿರುವುದು ನನಗೆ ತುಂಬ ಹಿಡಿಸಿತು. ಎಲ್ಲಿ ದುರಸ್ತಿಯಾಗಿದೆ ಎಂಬುದನ್ನು ಮುಂದಿನವರು ಓದಿಕೊಳ್ಳಬಹುದು.

ನೆಲದ ಕಲ್ಲುಚಪ್ಪಡಿಗಳು ಬಾಗಿಲ ಬಳಿ ಸವೆದು ತಗ್ಗಾಗಿವೆ. ಅವನ್ನೂ ಹಾಗೆಯೇ ಬಿಟ್ಟಿದ್ದಾರೆ. ಬಾಗಿಲುಗಳು ತಗ್ಗು. ಎತ್ತರದವರು ಮೊದಲ ದಿನವೇ ತಲೆ ಬಾಗಿಸುವುದನ್ನು ರೂಢಿ ಮಾಡಿಕೊಳ್ಳುವುದು ಕ್ಷೇಮ.

ಆದರೆ ಈ ಜೀರ್ಣೋದ್ಧಾರದ ನಿಜವಾದ ವಿವೇಕ ಇರುವುದು ಮುಂಭಾಗದ ಕೋಣೆಯಲ್ಲಿ. ಹಳೆಯ ಪಬ್ಬುಗಳಲ್ಲಿ ಚಿಕ್ಕ ಚಿಕ್ಕ ಕೋಣೆಗಳಿರುತ್ತಿದ್ದವು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಅನೇಕ ಕಡೆ ನಡುಗೋಡೆಗಳನ್ನು ಒಡೆದು ಒಂದೇ ಹಜಾರ ಮಾಡಿದರು. ಈ ಪಬ್ಬಿನಲ್ಲಿ ಆ ಗೋಡೆ ಉಳಿದಿದೆ. ಊಟದ ಮೇಜುಗಳೆಲ್ಲ ಹಿಂದಿನ ಕೋಣೆಯಲ್ಲಿವೆ. ಮುಂದಿನ ಕೋಣೆಯಲ್ಲಿ ಬಾರ್, ಕಲ್ಲಿನ ಅಗ್ಗಿಷ್ಟಿಕೆ, ಎತ್ತರದ ಬೆನ್ನಿನ ಎರಡು ಮರದ ಬೆಂಚು, ಡಾಮಿನೋಸ್ ಆಡುವ ಒಂದು ಮೇಜು, ಇಷ್ಟೇ. ಅಲ್ಲಿ ಮೇಜು ಕಾಯ್ದಿರಿಸುವಂತಿಲ್ಲ, ಚಾಕು ಮುಳ್ಳು ಜೋಡಿಸಿಡುವುದಿಲ್ಲ. ಹೊಲದಿಂದ ನೇರವಾಗಿ ಬಂದವರು ಮಣ್ಣು ಮೆತ್ತಿದ ಬೂಟುಗಳಲ್ಲೇ ಒಳಗೆ ಬರುತ್ತಾರೆ, ಅವರ ಹಿಂದೆ ನಾಯಿಯೂ ಬಂದು ಬೆಂಕಿಯ ಮುಂದೆ ಮಲಗುತ್ತದೆ. ಹೆಚ್ಚು ಲಾಭ ತರುವ ಊಟದ ಮೇಜುಗಳನ್ನು ಅಲ್ಲಿಯೂ ಹಾಕಬಹುದಿತ್ತು. ಹಾಕಲಿಲ್ಲ. ಮೇಲಿನ ಕೋಣೆಗಳ ಬಾಡಿಗೆ ಮತ್ತು ಹಿಂದಿನ ಕೋಣೆಯ ಊಟದಿಂದ ಬರುವ ಹಣವೇ ಮುಂದಿನ ಕೋಣೆಯ ದೀಪ ಉರಿಸುತ್ತಿದೆ ಎಂದು ಮಾಲೀಕರು ಹೇಳಿದ್ದು ನನಗೆ ಲೆಕ್ಕಕ್ಕಿಂತ ಹೆಚ್ಚಿನದನ್ನು ತಿಳಿಸಿತು.

ಬಿಯರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿರುವ ಕಾಸ್ಕ್ ಏಲ್ ಎಂಬ ಬಗೆಯ ಬಿಯರ್, ತಯಾರಾದ ಮೇಲೂ ಪೀಪಾಯಿಯೊಳಗೆ ಹುದುಗುತ್ತಲೇ ಇರುತ್ತದೆ. ಅನಿಲದ ಒತ್ತಡವಿಲ್ಲದೆ, ಬಾರಿನ ಮೇಲಿನ ಹಿಡಿಕೆಯನ್ನು ಕೈಯಿಂದ ಎಳೆದು ಅದನ್ನು ನೆಲಮಾಳಿಗೆಯಿಂದ ಮೇಲೆತ್ತುತ್ತಾರೆ. ಇದು ಕಣ್ಮರೆಯಾಗಬಾರದೆಂದೇ 1971ರಲ್ಲಿ ಕಾಮ್ರಾ ಎಂಬ ಗ್ರಾಹಕರ ಸಂಘ ಹುಟ್ಟಿಕೊಂಡಿತು. ಇಂಗ್ಲಿಷರು ಬಿಯರನ್ನು ಬೆಚ್ಚಗೆ ಕುಡಿಯುತ್ತಾರೆ ಎಂಬ ಮಾತು ಸರಿಯಲ್ಲ. ಇದನ್ನು ಕೊಡಬೇಕಾದದ್ದು ನೆಲಮಾಳಿಗೆಯ ತಂಪಿನಲ್ಲಿ, ಅಂದರೆ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇನ್ನೂ ತಣ್ಣಗಾದರೆ ಹಾಪ್ಸ್ ಎಂಬ ಕಹಿ ಹೂವಿನ ಮತ್ತು ಮಾಲ್ಟ್ ಎಂಬ ಮೊಳಕೆ ಬರಿಸಿದ ಧಾನ್ಯದ ರುಚಿ ಅಡಗಿಹೋಗುತ್ತದೆ. ಒಮ್ಮೆ ತೆರೆದ ಪೀಪಾಯಿ ಮೂರ್ನಾಲ್ಕು ದಿನಗಳಲ್ಲಿ ಮುಗಿಯದಿದ್ದರೆ ಹುಳಿಯಾಗತೊಡಗುವುದರಿಂದ, ಸಣ್ಣ ಹಳ್ಳಿಯ ಪಬ್ಬಿನಲ್ಲಿ ಆರೇಳು ಹಿಡಿಕೆಗಳು ಸಾಲಾಗಿ ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. ಇಲ್ಲಿ ಇದ್ದದ್ದು ಎರಡೇ. ಎರಡೂ ಇದೇ ಕಣಿವೆಯ ಕೆಳಭಾಗದ ಮ್ಯಾಸಮ್ ಪಟ್ಟಣದವು: ಒಂದು 1827ರಿಂದ ನಡೆದುಬಂದಿರುವ ಥೀಕ್‌ಸ್ಟನ್ ಎಂಬ ಬಿಯರ್ ತಯಾರಕರದು, ಇನ್ನೊಂದು 1992ರಲ್ಲಿ ಆರಂಭವಾದ ಬ್ಲ್ಯಾಕ್ ಶೀಪ್ ಅವರದು. ಥೀಕ್‌ಸ್ಟನ್‌ನ ಕಡುಬಣ್ಣದ ಓಲ್ಡ್ ಪೆಕ್ಯೂಲಿಯರ್ ಅಂದು ಅತ್ಯುತ್ತಮ ಸ್ಥಿತಿಯಲ್ಲಿತ್ತು. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಈ ಬಿಯರಿನಲ್ಲಿ ಮದ್ಯಸಾರ ಹೆಚ್ಚಿರುವುದರಿಂದ ಅರ್ಧ ಪೈಂಟ್ ಕೇಳುವುದರಲ್ಲಿ ಸಂಕೋಚ ಬೇಡ. ಯಾವುದು ಹಿಡಿಸೀತೋ ತಿಳಿಯದಿದ್ದರೆ ರುಚಿ ನೋಡಲು ಒಂದು ಗುಟುಕು ಕೊಡಿ ಎಂದರೆ ಸಂತೋಷದಿಂದ ಕೊಡುತ್ತಾರೆ.

ಬಾರಿನ ಮುಂದೆ ಸಾಲು ಇರುವುದಿಲ್ಲ, ಆದರೆ ಸರದಿ ಇರುತ್ತದೆ. ಯಾರು ಮೊದಲು ಬಂದರು ಎಂಬುದು ಕೊಡುವವರಿಗೂ ಪಕ್ಕದಲ್ಲಿ ನಿಂತವರಿಗೂ ನೆನಪಿರುತ್ತದೆ. ನಮ್ಮನ್ನು ಮೊದಲು ಕೇಳಿದಾಗ, ನಮಗಿಂತ ಮುಂಚೆ ಬಂದವರನ್ನು ತೋರಿಸುವುದೇ ಅಲ್ಲಿನ ಮರ್ಯಾದೆ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಓದಲೇಬೇಕಾದ ಮಾತುಗಳು ಇಲ್ಲಿವೆ. ನನ್ನ ಪತ್ನಿ ಸಸ್ಯಾಹಾರಿ. ಶನಿವಾರ ರಾತ್ರಿ ಆಕೆ ಅಣಬೆಯ ಪೈ (ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ತಿನಿಸು) ಮತ್ತು ಚಿಪ್ಸ್, ಅಂದರೆ ಉದ್ದವಾಗಿ ಕತ್ತರಿಸಿ ಕರಿದ ಆಲೂಗಡ್ಡೆ, ಕೇಳಿದರು. ಚಿಪ್ಸ್ ಯಾವುದರಲ್ಲಿ ಕರಿಯುತ್ತೀರಿ ಎಂದು ವಿಚಾರಿಸಿದಾಗ, ದನದ ಕೊಬ್ಬಿನಲ್ಲಿ ಎಂಬ ಉತ್ತರ ಬಂತು. ಯಾರ್ಕ್‌ಷೈರಿನಲ್ಲಿ ಇದು ಹಳೆಯ ಪದ್ಧತಿ, ಅದರ ರುಚಿಗೆಂದೇ ಹುಡುಕಿಕೊಂಡು ಬರುವವರಿದ್ದಾರೆ. ಆದರೆ ತಿಂಡಿಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ, ಪೈ ಎದುರಿಗೆ ಸಸ್ಯಾಹಾರದ ಗುರುತು ಮಾತ್ರ ಇತ್ತು. ಇದು ಈ ಪಬ್ಬಿನ ದೊಡ್ಡ ಲೋಪ ಎಂದೇ ನನ್ನ ಅಭಿಪ್ರಾಯ. ಬ್ರಿಟನ್ನಿನ ನಿಯಮದಂತೆ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕು, ಆದರೆ ದನದ ಕೊಬ್ಬು ಆ ಹದಿನಾಲ್ಕರಲ್ಲಿ ಇಲ್ಲ. ಹಾಗಾಗಿ ಅಲರ್ಜಿಯ ಪಟ್ಟಿಯನ್ನು ನೋಡಿ ನಿಶ್ಚಿಂತರಾಗುವಂತಿಲ್ಲ; ಬಾಯಿಬಿಟ್ಟು ಕೇಳಬೇಕು. ಸಿಹಿಯಲ್ಲದ ಯಾರ್ಕ್‌ಷೈರ್ ಪುಡಿಂಗ್ ಅನ್ನೂ ಸಾಂಪ್ರದಾಯಿಕವಾಗಿ ಅದೇ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಕೆಲವು ಪುಡಿಂಗ್ ಮತ್ತು ಪೈಗಳ ಹಿಟ್ಟಿಗೆ ಸ್ಯೂಯೆಟ್ ಎಂಬ ದನದ ಕೊಬ್ಬನ್ನು ಬೆರೆಸುತ್ತಾರೆ, ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತಯಾರಿಸಿದ ಐಸಿಂಗ್ಲಾಸ್ ಬಳಸುವುದು ರೂಢಿಯಲ್ಲಿದೆ. ಈ ಕೊನೆಯದನ್ನು ತಿಳಿಸಬೇಕೆಂಬ ಕಡ್ಡಾಯವೂ ಇಲ್ಲ. ನಮ್ಮ ಪ್ರಶ್ನೆಗೆ ಅಡುಗೆಯವರು ಮುಖ ಸಿಂಡರಿಸದೆ, ಚಿಪ್ಸ್ ಬದಲಿಗೆ ಎಣ್ಣೆ ಸವರಿ ಓವನ್ನಿನಲ್ಲಿ ಸುಟ್ಟ ಆಲೂಗಡ್ಡೆಯನ್ನು ಮಾಡಿಕೊಟ್ಟರು. ಪೈನ ಹಿಟ್ಟು ಬೆಣ್ಣೆಯದೇ ಎಂದು ಖಚಿತಪಡಿಸಿದರು. ಮಾರನೆಯ ದಿನ ಬೆಳಿಗ್ಗೆ ಪಟ್ಟಿಯಲ್ಲಿ ಚಿಪ್ಸ್ ಎದುರಿಗೆ ಕೈಬರಹದ ಸೂಚನೆಯೊಂದು ಸೇರಿದ್ದನ್ನು ಕಂಡು ನಮಗಿಬ್ಬರಿಗೂ ಸಮಾಧಾನವಾಯಿತು.

ಓವನ್ನಿನಲ್ಲಿ ಸುಟ್ಟ ಮಾಂಸದ, ಭಾನುವಾರದ ರೋಸ್ಟ್ ಊಟಕ್ಕೆ ಸುತ್ತಲಿನ ಊರುಗಳಿಂದಲೂ ಜನ ಬರುತ್ತಾರೆ. ಮೊದಲೇ ಕಾಯ್ದಿರಿಸದಿದ್ದರೆ ಮೇಜು ಸಿಗುವುದಿಲ್ಲ. ನನ್ನ ತಟ್ಟೆಯಲ್ಲಿ ಡೇಲ್ಸ್‌ನ ಕುರಿಮಾಂಸ, ಹುರಿದ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು ಇದ್ದವು. ಅದಕ್ಕೂ ಮೊದಲು, ಹಳೆಯ ಯಾರ್ಕ್‌ಷೈರ್ ಪದ್ಧತಿಯಂತೆ, ಪುಡಿಂಗ್ ಒಂದನ್ನೇ ಗ್ರೇವಿಯೊಡನೆ ತಂದುಕೊಟ್ಟರು. ದುಬಾರಿಯಾದ ಮಾಂಸ ಬರುವ ಮೊದಲು ಹೊಟ್ಟೆ ಒಂದಿಷ್ಟು ತುಂಬಲಿ ಎಂದು ಬಡವರ ಮನೆಗಳಲ್ಲಿ ಬೆಳೆದ ಕ್ರಮವದು. ಹಿಟ್ಟು, ಮೊಟ್ಟೆ ಮತ್ತು ಹಾಲಿನ ತೆಳು ಕಲಸನ್ನು ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಸುರಿದರೆ ಮಾತ್ರ ಅದು ಉಬ್ಬಿ ನಿಲ್ಲುತ್ತದೆ. ಇಲ್ಲಿಯದು ಅಂಚಿನಲ್ಲಿ ಗರಿಗರಿಯಾಗಿ, ನಡುವೆ ಮೆತ್ತಗಾಗಿ, ಗ್ರೇವಿಗೆ ಬಟ್ಟಲಾಗಿ ನಿಂತಿತ್ತು. ಕುರಿಮಾಂಸ ನನಗೆ ತುಸು ಹೆಚ್ಚು ಬೆಂದಂತೆ ಅನ್ನಿಸಿತು. ಪತ್ನಿಗೆ ಕೊಟ್ಟ ಬೀಜಗಳ ರೋಸ್ಟ್ ಒಣಗಿತ್ತು, ತರಕಾರಿಯ ಗ್ರೇವಿಯಿಲ್ಲದಿದ್ದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದೆಲ್ಲವನ್ನೂ ಮರೆಸಿದ್ದು ಕೊನೆಯಲ್ಲಿ ಬಂದ ಹಣ್ಣಿನ ಕೇಕ್ ಮತ್ತು ವೆನ್ಸ್ಲಿಡೇಲ್ ಚೀಸ್. ಸಿಹಿ ಕೇಕಿನ ಜೊತೆ ಚೀಸ್ ತಿನ್ನುವುದು ವಿಚಿತ್ರವೆನಿಸಬಹುದು, ಆದರೆ ಆ ಪುಡಿಯಾಗುವ, ನಸುಹುಳಿಯ ಚೀಸು ಒಣದ್ರಾಕ್ಷಿಯ ಸಿಹಿಯನ್ನು ಹದಕ್ಕೆ ತರುತ್ತದೆ.

ಒಂದು ಎಚ್ಚರಿಕೆ. ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಅಡುಗೆಮನೆ ಮುಚ್ಚುತ್ತದೆ. ಹಳ್ಳಿಗಳಲ್ಲಿ ಇದು ಸಾಮಾನ್ಯ. ಕಾಯ್ದಿರಿಸುವಾಗ ನಮಗೆ ಯಾರೂ ಹೇಳಿರಲಿಲ್ಲ. ಉಳಿದುಕೊಂಡವರೆಂದು ರಾತ್ರಿ ನಮಗಾಗಿ ಬ್ರೆಡ್, ಚೀಸ್, ಉಪ್ಪಿನಲ್ಲಿ ಊರಿದ ಈರುಳ್ಳಿ ಮತ್ತು ಬಿಸಿ ಸೂಪ್ ಕೊಟ್ಟರು, ಅದಕ್ಕೆ ಹಣವನ್ನೂ ತೆಗೆದುಕೊಳ್ಳಲಿಲ್ಲ.

ಮಲಗುವ ಕೋಣೆಗೆ ಬೆಳಗಿನ ಉಪಾಹಾರವೂ ಸೇರಿ ಒಂದು ರಾತ್ರಿಗೆ 140 ಪೌಂಡ್ ಕೊಟ್ಟೆವು. ನಮ್ಮದು ಮಹಡಿಯ ಮೇಲೆ, ಬಾರಿನ ನೇರಕ್ಕೆ. ಮೆಟ್ಟಿಲು ಕಡಿದಾಗಿ ಕಿರಿದಾಗಿದೆ, ಲಿಫ್ಟ್ ಇಲ್ಲ. ಮಂಡಿ ನೋವಿರುವವರಿಗೆ ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ ನೆಲಮಟ್ಟದ ಒಂದು ಕೋಣೆಯಿದೆ. ಹಳೆಯ ಒಂಟಿ ಗಾಜಿನ ಕಿಟಕಿಗಳನ್ನು ತೆಗೆಯದೆ, ಒಳಗಡೆಯಿಂದ ಮತ್ತೊಂದು ಗಾಜಿನ ಚೌಕಟ್ಟು ಕೂರಿಸಿರುವುದರಿಂದ ಹೊರಗಿನ ಚಳಿ ಒಳಗೆ ಬರಲಿಲ್ಲ. ಹಾಸಿಗೆ ಚೆನ್ನಾಗಿತ್ತು, ಉಣ್ಣೆಯ ಹೊದಿಕೆ ಇನ್ನೂ ಚೆನ್ನಾಗಿತ್ತು. ಆದರೆ ನೆಲದ ಹಲಗೆಗಳ ನಡುವಿನಿಂದ ಕೆಳಗಿನ ಮಾತು ಸ್ಪಷ್ಟವಾಗಿ ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಕೊನೆಯ ಬೇಡಿಕೆಯ ಗಂಟೆ ಹೊಡೆದು, ಗ್ಲಾಸುಗಳು ಖಾಲಿಯಾಗಿ, ಬಾಗಿಲು ಮುಚ್ಚುವವರೆಗೂ ನಿದ್ರೆ ಬರಲಿಲ್ಲ. ಸ್ನಾನದ ಶವರಿನಲ್ಲಿ ನೀರಿನ ಒತ್ತಡ ಬಹಳ ಕಡಿಮೆ. ಎಂಟು ಗಂಟೆಗೆ ಎಲ್ಲ ಕೋಣೆಯವರೂ ಒಟ್ಟಿಗೆ ಸ್ನಾನಕ್ಕೆ ಇಳಿದಾಗ ಅದು ಹನಿಯಾಯಿತು. ಈ ಬೆಲೆಗೆ ಅದನ್ನು ಸರಿಪಡಿಸಲೇಬೇಕು. ಉಪಾಹಾರ ಮಾತ್ರ ಹೊತ್ತಿಗೆ ಸರಿಯಾಗಿ ಬಂತು: ಗಂಜಿಯಂತೆ ಬೇಯಿಸಿದ ಓಟ್ಸ್, ಮೊಟ್ಟೆ, ಹುರಿದ ಟೊಮೆಟೊ ಮತ್ತು ಅಣಬೆ, ಮನೆಯಲ್ಲೇ ಮಾಡಿದ ಬ್ರೆಡ್.

ಸ್ವಂತ ಕಾರಿನಲ್ಲಿ ಹೋಗುವವರಿಗೂ ಅಲ್ಲೇ ತಂಗುವುದನ್ನು ನಾನು ಸಲಹೆ ಮಾಡುತ್ತೇನೆ. ಇಂಗ್ಲೆಂಡಿನಲ್ಲಿ ಚಾಲಕರ ರಕ್ತದಲ್ಲಿ 100 ಮಿಲಿಲೀಟರಿಗೆ 80 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವಂತಿಲ್ಲ. ಕಲ್ಲುಪಾಗಾರಗಳ ನಡುವಿನ, ದೀಪವಿಲ್ಲದ ಆ ಒಂಟಿ ರಸ್ತೆಗಳಲ್ಲಿ ಒಂದೇ ಪೈಂಟ್ ಕುಡಿದೂ ರಾತ್ರಿ ಗಾಡಿ ಓಡಿಸಬಾರದು.

ಭಾನುವಾರ ರಾತ್ರಿ ಊಟದ ಕೋಣೆಯ ದೀಪ ಆರಿತ್ತು. ಮುಂದಿನ ಕೋಣೆಯಲ್ಲಿ ಏಳೆಂಟು ಜನರಿದ್ದರು. ಡಾಮಿನೋಸ್ ಆಡುತ್ತಿದ್ದ ಹಿರಿಯರೊಬ್ಬರು ಕುರ್ಚಿ ಸರಿಸಿ ನಮಗೆ ಬೆಂಕಿಯ ಹತ್ತಿರ ಜಾಗ ಮಾಡಿಕೊಟ್ಟರು. ಪಬ್ಬು ಮುಚ್ಚಿದ್ದಷ್ಟು ಕಾಲ ಅಕ್ಕಪಕ್ಕದ ಮನೆಯವರನ್ನೇ ತಿಂಗಳುಗಟ್ಟಲೆ ನೋಡದೆ ಇರುತ್ತಿದ್ದೆವು ಎಂದು ಅವರು ಹೇಳಿದರು. ಈಗ ತಾವು ವಾರಕ್ಕೆ ನಾಲ್ಕು ಸಂಜೆ ಬರುವುದಾಗಿಯೂ, ಕೆಲವೊಮ್ಮೆ ಬರಿಯ ಚಹಾ ಕುಡಿದು ಹೋಗುವುದಾಗಿಯೂ ಹೇಳಿ, ಅದಕ್ಕೂ ಇಲ್ಲಿ ಯಾರೂ ಬೇಡವೆನ್ನುವುದಿಲ್ಲ ಎಂದು ಬಾರಿನ ಕಡೆ ಕೈ ತೋರಿಸಿದರು. ಸೋಮವಾರ ಹೊರಡುವ ಮುನ್ನ ನಾವು ಏಪ್ರಿಲ್‌ಗೆ, ಕುರಿಮರಿಗಳ ಕಾಲಕ್ಕೆ, ಮೂರು ರಾತ್ರಿ ಕಾಯ್ದಿರಿಸಿದೆವು. ಈ ಸಲ ಲಾಯದ ಕೋಣೆಯನ್ನು ಕೇಳಿದ್ದೇವೆ.