ಚಳಿ ಇಳಿಯುವ ಹೊತ್ತಿನ ಗುಡ್ಡಗಳಿಗೆ ಯಾವ ಬೂಟು: ತೊಗಲು, ಜಾಲರಿ, ಕ್ಯಾನ್ವಾಸ್

ಜನವರಿಯ ಕೊನೆಯಿಂದ ಫೆಬ್ರವರಿಯ ನಡುವಿನವರೆಗೆ ಕಾಸರಗೋಡಿನ ಗುಡ್ಡಗಳನ್ನು ಬೆಳಗಿನಿಂದ ಸಂಜೆಯೊಳಗೆ ನೆತ್ತಿಯಿಂದ ನೆತ್ತಿಗೆ ನಡೆದು ಮುಗಿಸುವವರಿಗೆ ಕ್ಯಾನ್ವಾಸಿನ ಜಂಗಲ್ ಬೂಟಿಗಿಂತ ಒಳ್ಳೆಯ ಪಾದರಕ್ಷೆ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ತೊಗಲಿನ ಎತ್ತರದ ಟ್ರೆಕ್ಕಿಂಗ್ ಬೂಟನ್ನೂ ಜಾಲರಿ ಬಟ್ಟೆಯ ಹಗುರ ಟ್ರೇಲ್ ಶೂವನ್ನೂ ಇದೇ ದಾರಿಗಳಲ್ಲಿ ತೊಟ್ಟು ನಡೆದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ನೆಲ ಒಂದೇ ಬಗೆಯದಲ್ಲ. ನಮ್ಮ ಜಿಲ್ಲೆಯ ಹೊಸದುರ್ಗದಿಂದ ಪನತ್ತಡಿ ದಾರಿಯಾಗಿ ತಲುಪುವ ರಾಣಿಪುರಂನಲ್ಲಿ ಮೊದಲಿಗೆ ದರಗು (ಉದುರಿದ ಒಣ ಎಲೆ) ಹಾಸಿದ ದಟ್ಟ ಶೋಲಾ ಕಾಡು, ಅಂದರೆ ಗುಡ್ಡದ ಮಡಿಲಿನ ನಿತ್ಯಹಸುರು ಕಾಡು, ಸಿಗುತ್ತದೆ. ಅದನ್ನು ದಾಟಿದರೆ ಸೊಂಟದವರೆಗೆ ಬೆಳೆದು ಒಣಗಿದ ಹುಲ್ಲು, ಅದರಾಚೆ ಕೊಡಗಿನ ಕಾಡಿಗೆ ತಾಗಿಕೊಂಡ ಗುಡ್ಡಗಳ ಸಾಲು. ಪೈವಳಿಕೆ ಬದಿಯ ಪೊಸಡಿಗುಂಪೆಯಲ್ಲಾದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಪಾದೆ ಮತ್ತು ಚರಳು (ಸಣ್ಣ ಕಲ್ಲಿನ ಹರಳು) ಹೆಚ್ಚು. ದರಗು, ಹುಲ್ಲು, ಚರಳು, ಈ ಮೂರನ್ನೂ ಒಂದೇ ಜೋಡಿ ನಿಭಾಯಿಸಬೇಕು.

ತೊಗಲಿನ ಬೂಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಒಳಬಾರದಂತೆ ಮಾಡುವ ಅದರ ಒಳಪದರಕ್ಕೆ ಮಳೆಯಿಲ್ಲದ ಈ ತಿಂಗಳುಗಳಲ್ಲಿ ಕೆಲಸವೇ ಇಲ್ಲ, ಅದು ಬೆವರನ್ನು ಮಾತ್ರ ಒಳಗೆ ಹಿಡಿದಿಡುತ್ತದೆ. ಹತ್ತು ಗಂಟೆಯ ನಂತರದ ನಮ್ಮ ಬಿಸಿಲಿಗೆ ಕಾಲು ನೆನೆದು ಮೆತ್ತಗಾಗಿ, ಇಳಿಜಾರಿನಲ್ಲಿ ಬೊಕ್ಕೆ ಏಳುತ್ತದೆ.

ಟ್ರೇಲ್ ಶೂ ಹತ್ತುವಾಗ ನಿಜಕ್ಕೂ ಸುಖಕರ. ಹಗುರವಾಗಿದೆ, ಗಾಳಿಯಾಡುತ್ತದೆ, ದರಗಿನ ಮೇಲೆ ಅದರ ಹಿಡಿತ ಮೂರರಲ್ಲಿ ಮೇಲು. ಕಾಡಿನೊಳಗೆ ಮಾತ್ರ ನಡೆಯುವುದಾದರೆ ನಾನು ಅದನ್ನೇ ಆರಿಸುತ್ತಿದ್ದೆ. ತೊಂದರೆ ಆರಂಭವಾಗುವುದು ಹುಲ್ಲುಗಾವಲಿನಲ್ಲಿ, ಅದೂ ಊಬಿನಿಂದ.

ಮಳೆಗಾಲದಲ್ಲಿ ಬೆಳೆದ ಊಬುಹುಲ್ಲಿನ ಬೀಜಗಳು ಈ ಹೊತ್ತಿಗೆ ಒಣಗಿ ಉದುರಲು ಸಿದ್ಧವಾಗಿರುತ್ತವೆ. ಹೆಟೆರೊಪೊಗನ್ ಕಂಟೋರ್ಟಸ್ ಎಂಬ ಶಾಸ್ತ್ರೀಯ ಹೆಸರಿನ ಈ ಹುಲ್ಲಿನ ಬೀಜದ ಒಂದು ತುದಿ ಸೂಜಿಯಷ್ಟು ಚೂಪು, ಅದರ ಮೇಲೆ ಹಿಮ್ಮುಖವಾಗಿ ಬಾಗಿದ ಗಡಸು ರೋಮ, ಇನ್ನೊಂದು ತುದಿಯಲ್ಲಿ ತಿರುಚಿದ ಉದ್ದನೆಯ ಊಬು. ತೇವ ತಾಗಿದಾಗ ಊಬು ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ತಿರುಚಿಕೊಳ್ಳುತ್ತದೆ. ಹಾಗೆ ತಿರುಗುತ್ತ ಬೀಜ ಮಣ್ಣಿನೊಳಗೆ ಇಳಿಯುವುದು ಹುಲ್ಲಿನ ಸಹಜ ಏರ್ಪಾಡು. ಜಾಲರಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಬೀಜಕ್ಕೆ ಬೆವರಿದ ಕಾಲುಚೀಲವೇ ತೇವವನ್ನು ಒದಗಿಸುತ್ತದೆ. ಮುಂದಕ್ಕೆ ಮಾತ್ರ ಸರಿಯಲು ಬಿಡುವ ಆ ರೋಮಗಳಿಂದಾಗಿ ಅದು ಜಾಲರಿಯನ್ನು ದಾಟಿ, ಕಾಲುಚೀಲವನ್ನು ದಾಟಿ, ಕೊನೆಗೆ ಚರ್ಮಕ್ಕೆ ಚುಚ್ಚುತ್ತದೆ.

ಶೂ ಕಳಚಿ ಕೊಡವಿದರೆ ಅವು ಉದುರುವುದಿಲ್ಲ. ಹೊರಗಿನಿಂದ ಎಳೆದರೆ ಊಬು ಮುರಿದು ಬರುತ್ತದೆ, ಮೊನೆ ಒಳಗೇ ಉಳಿಯುತ್ತದೆ. ಕಾಲುಚೀಲವನ್ನು ತಿರುವಿ ಒಳಬದಿಯಿಂದ ಒಂದೊಂದಾಗಿ ಮುಂದಕ್ಕೆ ಎಳೆದು ತೆಗೆಯಬೇಕು. ಪ್ರತಿ ನೆತ್ತಿಯಲ್ಲೂ ಹೀಗೆ ಕುಳಿತರೆ ಮುಂದಿನ ಗುಡ್ಡಕ್ಕೆ ಬೆಳಕು ಸಾಲುವುದಿಲ್ಲ, ನನ್ನಂತೆ ಕೊನೆಯ ಬಸ್ಸನ್ನು ನಂಬಿ ಹೊರಡುವವರಿಗಂತೂ ಅದು ಸಾಧ್ಯವೇ ಇಲ್ಲ. ತೊಳೆದು ಒಣಗಿಸಿದ ಮೇಲೂ ಉಳಿದುಕೊಂಡ ಮೊನೆಗಳು ಮುಂದಿನ ಸಲ ಚುಚ್ಚುತ್ತವೆ. ಮೊಣಕಾಲಿನವರೆಗಿನ ಗೇಟರ್ (ಕಾಲಿಗೆ ಸುತ್ತುವ ಬಟ್ಟೆಯ ಕವಚ) ಕಟ್ಟಿಕೊಂಡರೂ ಬೆರಳುಗಳ ಮೇಲಿನ ಜಾಲರಿ ತೆರೆದೇ ಇರುತ್ತದೆ.

ಕ್ಯಾನ್ವಾಸ್ ಬೂಟಿನ ಒತ್ತು ನೇಯ್ಗೆಯಲ್ಲಿ ಈ ಮೊನೆಗಳು ಸುಲಭವಾಗಿ ನೆಲೆಯೂರುವುದಿಲ್ಲ, ಅಂಟಿಕೊಂಡವು ಅಂಗೈಯಿಂದ ಒರೆಸಿದರೆ ಹೋಗುತ್ತವೆ. ಬೂಟು ಹರಡಿನಿಂದ ಮೇಲಕ್ಕೆ ಬರುವುದರಿಂದ ಪ್ಯಾಂಟಿನ ಅಂಚನ್ನು ಅದರೊಳಗೆ ಸೇರಿಸಿ ಲೇಸು ಬಿಗಿದರೆ ಕಾಲುಚೀಲ ಹೊರಗೆ ಕಾಣುವುದೇ ಇಲ್ಲ. ಬೆವರು ಹೊರಹೋಗುತ್ತದೆ, ತೊಳೆದರೆ ಮರುದಿನಕ್ಕೆ ಒಣಗುತ್ತದೆ. ರಬ್ಬರ್ ಅಟ್ಟೆ ಕಾಡಿನಲ್ಲೂ ಹುಲ್ಲಿನಲ್ಲೂ ಸಾಕಷ್ಟು ಹಿಡಿಯುತ್ತದೆ. ಚರಳಿನ ಇಳಿಜಾರಿನಲ್ಲಿ ಮಾತ್ರ ಮೂರೂ ಜಾರುತ್ತವೆ, ಅಲ್ಲಿ ಊರುಗೋಲೇ ಗತಿ.

ಬೆಲೆಯ ಅಂತರವೂ ದೊಡ್ಡದು. ನಾನು ಕೊಂಡ ಕ್ಯಾನ್ವಾಸ್ ಜೋಡಿ ಸಾವಿರ ರೂಪಾಯಿಯೊಳಗೆ ಬಂತು, ಉಳಿದ ಎರಡೂ ಅದರ ಹಲವು ಪಟ್ಟು. ವರ್ಷದಲ್ಲಿ ಚಳಿಗಾಲದಲ್ಲಷ್ಟೇ ಗುಡ್ಡ ಹತ್ತುವ ನನಗೆ ಅಷ್ಟು ಹಣ ಹಾಕುವುದು ಹಿಡಿಸುವುದಿಲ್ಲ. ಮಳೆಗಾಲದಲ್ಲಿ ಉಂಬುಳದ (ಜಿಗಣೆಯ) ನಡುವೆ ನಡೆಯುವವರ ಲೆಕ್ಕಾಚಾರ ಬೇರೆ, ಅವರಿಗೆ ತೊಗಲಿನ ಬೂಟು ಒಪ್ಪಬಹುದು.

ಕ್ಯಾನ್ವಾಸ್ ಬೂಟಿನ ದೊಡ್ಡ ಕೊರತೆ ಅದರ ತೆಳುವಾದ ಒಳಹಾಸು. ಮುರಕಲ್ಲಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ನೋಯತೊಡಗುತ್ತದೆ. ಆದ್ದರಿಂದ ಕೊಳ್ಳುವಾಗ ಒಂದು ಅಳತೆ ದೊಡ್ಡದನ್ನೇ ಆರಿಸಿ, ದಪ್ಪನೆಯ ಒಳಹಾಸನ್ನು ಬೇರೆಯಾಗಿ ಕೊಂಡು ಹಾಕಿಸಿ, ಅಂಗಡಿಯಲ್ಲೇ ಕಾಲುಚೀಲ ತೊಟ್ಟು ಮೆಟ್ಟಿಲು ಇಳಿದು ಬೆರಳು ಮುಂದಕ್ಕೆ ತಾಗದೆಂದು ನೋಡಿಕೊಳ್ಳಬೇಕು.