ಬಚ್ಚಲ ನೀರಿಗೆ 18,000 ರೂಪಾಯಿ: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ತಂಗಿಯ ಅಪಾರ್ಟ್‌ಮೆಂಟ್‌ನಲ್ಲಿ ಫ್ಲಶ್‌ಗೆ ಎಸ್‌ಟಿಪಿ ನೀರು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ನೀರು ಬರುತ್ತದೆ. ಅದನ್ನು ನೋಡಿ ನನಗೂ ಆಸೆಯಾಯಿತು. ಒಂದು ಸಲ ಫ್ಲಶ್ ಮಾಡಿದರೆ 6ರಿಂದ 10 ಲೀಟರ್ ಹೋಗುತ್ತದೆ. ಬಳ್ಳಾರಿಯಲ್ಲಿ ಕುಡಿಯೋಕೂ ಅದಕ್ಕೂ ಅದೇ ತುಂಗಭದ್ರೆ ನೀರು. ಹೊಟ್ಟೆ ಉರಿಯುತ್ತೆ ಅಲ್ವಾ? ಸ್ನಾನದ, ವಾಷಿಂಗ್ ಮೆಷಿನ್ನಿನ ನೀರು ಸೋಸಿ ಡ್ರಮ್ಮಿಗೆ ತುಂಬುವ ಸೆಟ್ ಹಾಕಿಸಿದೆ.

ದಿನಾ ಕಾಫಿಗೆ ಮೊದಲು ಒಂದು ಕೆಲಸ. ಪೈಪಿನ ಬಾಯಿಗೆ ಕಟ್ಟಿದ ಹಳೆ ಕಾಲುಚೀಲ ಬಿಚ್ಚಬೇಕು. ಒಳಗಿನ ಕೂದಲು, ನೂಲು, ಸೋಪಿನ ಲೋಳೆ ಕೊಡವಿ, ತಿರುವಿ ತೊಳೆದು, ಮತ್ತೆ ಬಿಗಿಯಾಗಿ ಕಟ್ಟಬೇಕು. ಕಂಪನಿ ಕೊಟ್ಟ ಜಾಲರಿ ಮೂರೇ ವಾರಕ್ಕೆ ಕಟ್ಟಿಕೊಂಡಿತ್ತು. ಕಾಲುಚೀಲ ನನ್ನ ಸ್ವಂತ ಬುದ್ಧಿ. ನಿಜ ಹೇಳಬೇಕೆಂದರೆ ಆ ಐದು ನಿಮಿಷ ನನಗೆ ಇಷ್ಟ.

ತೊಂದರೆ ಇರುವುದು ವಾಸನೆಯದು. ನೀರು ಒಂದು ದಿನ ನಿಂತರೆ ಕೊಳೆಯುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಬೆಳಿಗ್ಗೆ ತುಂಬಿದ್ದು ಸಂಜೆಗೇ ಕೊಳೆತ ಮೊಟ್ಟೆ. ಒಮ್ಮೆ ಗಂಗಾವತಿಗೆ ಮದುವೆಗೆಂದು ಹೋಗಿ ನಾಲ್ಕು ದಿನ ಬಿಟ್ಟು ಬಂದೆವು. ಗೇಟಿನಲ್ಲೇ ಗೊತ್ತಾಯಿತು. ಪಕ್ಕದ ಮನೆಯವರು, "ಏನ್ರೀ, ಚರಂಡಿ ಒಡದೈತೇನು?" ಅಂದರು. ಕಂಪನಿಗೆ ಫೋನ್ ಮಾಡಿದರೆ, "ನೀರು ನಿಲ್ಲಿಸಬೇಡಿ ಸಾರ್" ಎಂಬ ಉತ್ತರ. ಮತ್ತೆ ಡ್ರಮ್ ಯಾಕೆ ಮಾರಿದರೋ!

ಆಮೇಲೆ ತಿಳಿಯಿತು. ತಂಗಿಯ ಎಸ್‌ಟಿಪಿಯಲ್ಲಿ ನೀರಿಗೆ ಗಾಳಿ ಊದುತ್ತಾರೆ, ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ. ಸಿಂಗಾಪುರದಲ್ಲಂತೂ 2003ರಿಂದ ಕೊಳಚೆ ನೀರನ್ನು ಆರ್‌ಒ ಪೊರೆ, ಯುವಿ ಬೆಳಕು ಎಲ್ಲ ದಾಟಿಸಿ ಕಾರ್ಖಾನೆಗಳಿಗೆ ಕೊಡುತ್ತಾರೆ, ಸ್ವಲ್ಪ ಕುಡಿಯುವ ನೀರಿನ ಜಲಾಶಯಕ್ಕೂ ಬಿಡುತ್ತಾರೆ. ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ನನ್ನ ಸೆಟ್‌ನಲ್ಲಿ ಇರುವುದು ಜಲ್ಲಿ, ಮರಳು, ಇದ್ದಿಲು ಅಷ್ಟೇ. ಸೋಸುತ್ತದೆ, ಶುದ್ಧ ಮಾಡುವುದಿಲ್ಲ. ದೊಡ್ಡ ಊರಿನ ಲಾಭವನ್ನು ಡ್ರಮ್ಮಿನಲ್ಲಿ ಹುಡುಕಿದ್ದು ನನ್ನದೇ ತಪ್ಪು.

ಅಮ್ಮ ಮಾತ್ರ ಮೊದಲೇ ಹೇಳಿದ್ದಳು: "ನಮ್ಮ ಕಾಲದಾಗ ಬಚ್ಚಲ ನೀರು ಸೀದಾ ಬಾಳಿಗಿಡಕ್ಕ ಹೋಗತಿತ್ತು. ಯಾರಿಗೂ ರೊಕ್ಕ ಕೊಟ್ಟಿರಲಿಲ್ಲ."

ಕೊನೆಗೆ ಡ್ರಮ್ ತೆಗೆಸಿ ಪೈಪನ್ನು ಹಿತ್ತಲಿಗೆ ತಿರುಗಿಸಿದೆ. ಫ್ಲಶ್‌ಗೆ ಸ್ನಾನದ ನೀರನ್ನೇ ಬಕೆಟ್‌ನಲ್ಲಿ ಹಿಡಿದು ಸುರಿಯುತ್ತೇವೆ. ಬಟ್ಟೆ ಒಗೆದ ನೀರು ಗಿಡಕ್ಕೆ ಬೇಡ. ಪೌಡರಿನ ಉಪ್ಪು ನಮ್ಮ ಎರೆಮಣ್ಣಿನ ಮೇಲೆ ಬೆಳ್ಳಗೆ ಕೂತು, ನಿಂಬೆ ಎಲೆಯ ಅಂಚು ಸುಟ್ಟಂಗಾಯಿತು.

ಸೆಟ್‌ಗೆ ಎರಡು ಸ್ಟಾರ್. ಬಾಳೆ ಮೊನ್ನೆ ಎರಡನೇ ಗೊನೆ ಹಾಕಿದೆ. ಡ್ರಮ್ ಯಾರಿಗಾದರೂ ಬೇಕಿದ್ದರೆ ಹೇಳಿ, ಮುಚ್ಚಳ ಗಟ್ಟಿಯಾಗಿದೆ.