ಮ್ಯಾರಥಾನ್ ಟೂರ್: ಪ್ಲಟೇಯದವರನ್ನು ಬಿಟ್ಟು ಬಂದೆವು

ಅಥೆನ್ಸ್‌ನಿಂದ ಮ್ಯಾರಥಾನ್ ಯುದ್ಧಭೂಮಿಗೆ ಅರ್ಧ ದಿನದ ಟೂರ್ ಬುಕ್ ಮಾಡಿದ್ದೆ. ಸುಮಾರು 40 ಕಿ.ಮೀ. ದಾರಿ, ವ್ಯಾನ್‌ನಲ್ಲಿ ಏಳು ಜನ, ಜೊತೆಗೊಬ್ಬರು ಗೈಡ್. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಆ ಮೂರು ಸ್ಟಾರೂ ಅಲ್ಲಿನ ಸಮಾಧಿ ದಿಬ್ಬಕ್ಕೆ. ಒಂಬತ್ತು ಮೀಟರ್‌ನಷ್ಟು ಎತ್ತರದ ಮಣ್ಣಿನ ಗುಡ್ಡೆ, ಅಷ್ಟೇ. ಅದರ ಕೆಳಗೆ ಕ್ರಿ.ಪೂ. 490ರಲ್ಲಿ ಪರ್ಷಿಯನ್ನರ ವಿರುದ್ಧ ಹೋರಾಡಿ ಸತ್ತ 192 ಅಥೆನ್ಸ್‌ನವರಿದ್ದಾರೆ. ಯುದ್ಧದಲ್ಲಿ ಸತ್ತವರನ್ನು ಊರಿಗೆ ತಂದು ಹೂಳುವುದು ಅಥೆನ್ಸ್‌ನವರ ವಾಡಿಕೆ. ಇವರನ್ನು ಮಾತ್ರ ಬಿದ್ದ ಜಾಗದಲ್ಲೇ ಉಳಿಸಿಕೊಂಡರು. ಇಷ್ಟು ಹೇಳಿ ಗೈಡ್ ಸುಮ್ಮನಾದರು. ನಾವು ದಿಬ್ಬದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದೆವು. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಅವರು ನೆಲದ ಮೇಲೆ ಕಲ್ಲು ಜೋಡಿಸಿ ಯುದ್ಧ ತೋರಿಸಿದರು. ಅಥೆನ್ಸ್ ಕಡೆಯವರದು ನಡುವೆ ತೆಳುವಾದ ಸಾಲು, ಎರಡೂ ಬದಿ ಗಟ್ಟಿ. ನಡುವೆ ಪರ್ಷಿಯನ್ನರು ನುಗ್ಗಿ ಬಂದರು, ಅಷ್ಟರಲ್ಲಿ ಎರಡು ಬದಿಯವರೂ ಗೆದ್ದು ತಿರುಗಿ ಅವರನ್ನು ಒತ್ತಿಹಿಡಿದರು. ಹತ್ತು ಕಲ್ಲಿನಲ್ಲಿ ಎಲ್ಲ ಅರ್ಥವಾಯಿತು.

ಬೇಸರವಾಗಿದ್ದು ಇನ್ನು ಮುಂದೆ. ಎಡಬದಿಯ ಆ ಗಟ್ಟಿ ಸಾಲು ಯಾರದು? ಪ್ಲಟೇಯ ಎಂಬ ಸಣ್ಣ ಊರಿನವರದು. ಅಥೆನ್ಸ್ ಸಹಾಯ ಕೇಳಿದ್ದ ಇನ್ನೊಂದು ಗ್ರೀಕ್ ನಗರ ಸ್ಪಾರ್ಟಾದವರು ಹುಣ್ಣಿಮೆ ಕಳೆಯಲಿ ಎಂದು ಕಾದು, ಎಲ್ಲ ಮುಗಿದ ಮೇಲೆ ಬಂದರು. ಪ್ಲಟೇಯದವರು ಮಾತ್ರ ಇದ್ದಬದ್ದವರೆಲ್ಲ ಬಂದು ನಿಂತರು. ಅವರದೇ ಎಂದು ಹಲವರು ಹೇಳುವ ಸಮಾಧಿ ದಿಬ್ಬ ಮ್ಯೂಸಿಯಂ ಹತ್ತಿರವೇ ಇದೆ. ನಮ್ಮನ್ನು ಅಲ್ಲಿಗೆ ಕರೆದುಕೊಂಡೇ ಹೋಗಲಿಲ್ಲ! ಕೇಳಿದರೆ "ಟೈಮ್ ಇಲ್ಲ" ಎಂದರು. ಮ್ಯೂಸಿಯಂಗೂ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಗೆಲುವಿನ ನೆನಪಿಗೆ ನಿಲ್ಲಿಸಿದ್ದ ಕಂಬದ ಮೂಲ ತುಣುಕುಗಳು ಅಲ್ಲೇ ಇವೆ, ಸರಿಯಾಗಿ ನೋಡಲೂ ಆಗಲಿಲ್ಲ.

ಟೈಮ್ ಎಲ್ಲಿ ಹೋಯಿತು ಅಂದರೆ, ಓಟಗಾರನ ಕಥೆಗೆ. ಮ್ಯಾರಥಾನ್‌ನಿಂದ ಅಥೆನ್ಸ್‌ಗೆ ಓಡಿ, ಗೆದ್ದ ಸುದ್ದಿ ಹೇಳಿ ಕುಸಿದು ಸತ್ತ ಎಂಬ ಕಥೆ ಆ ಕಾಲದ ಯುದ್ಧಗಳನ್ನು ಬರೆದಿಟ್ಟ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಲ್ಲಿ ಇಲ್ಲವೇ ಇಲ್ಲ. ಅವನು ಬರೆದಿರುವುದು ಯುದ್ಧಕ್ಕೆ ಮುಂಚೆ ಸಹಾಯ ಕೇಳಲು ಸ್ಪಾರ್ಟಾಕ್ಕೆ ಓಡಿದವನ ವಿಷಯ. ಇದನ್ನೂ ಒಂದು ಮಾತು ಹೇಳಬೇಕಿತ್ತು ಅಲ್ವಾ? ಪರ್ಷಿಯನ್ನರು ಯಾಕೆ ಬಂದರು ಎಂಬುದಕ್ಕೆ ಗೈಡ್ ಅವರ ರಾಜ "ಡೇರಿಯಸ್‌ನ ದುರಾಸೆ" ಎಂದಷ್ಟೇ ಹೇಳಿದರು. ಅದಕ್ಕೂ ಮೊದಲು ಅಥೆನ್ಸ್ 20 ಹಡಗು ಕಳಿಸಿತ್ತು, ಆ ದಂಡು ಹೋಗಿ ಅವನ ಸಾರ್ಡಿಸ್ ನಗರ ಸುಟ್ಟಿತ್ತು. ಅದನ್ನು ಬಿಟ್ಟರೆ ಕಥೆ ಅರ್ಧವೇ ಆಗುತ್ತದೆ. ಹೆರೊಡೋಟಸ್ ಪ್ರಕಾರ ಪರ್ಷಿಯನ್ನರ ಕಡೆ 6,400 ಜನ ಸತ್ತರು. ಅವರೂ ದೂರದ ಊರುಗಳಿಂದ ಬಂದವರೇ.

ನೀವು ಹೋಗುವುದಾದರೆ ಬುಕ್ ಮಾಡುವ ಮುಂಚೆಯೇ ಕೇಳಿ: ಮ್ಯೂಸಿಯಂಗೆ ಒಂದು ಗಂಟೆ ಕೊಡುತ್ತೀರಾ, ಪ್ಲಟೇಯದವರ ದಿಬ್ಬ ತೋರಿಸುತ್ತೀರಾ? ಆ ಯುದ್ಧದ ನಂತರ ಅಥೆನ್ಸ್‌ನ ದೊಡ್ಡ ಹಬ್ಬಗಳಲ್ಲಿ ತಮ್ಮ ಜೊತೆ ಪ್ಲಟೇಯದವರಿಗೂ ಒಳ್ಳೆಯದಾಗಲಿ ಎಂದು ಕೂಗಿ ಬೇಡಿಕೊಳ್ಳುತ್ತಿದ್ದರು. ಇಂದಿನ ಟೂರ್‌ನವರು ಅವರಿಗೆ ಹತ್ತು ನಿಮಿಷವಾದರೂ ಕೊಡಬಹುದು.